ನೀರುಳ್ಳಿಯ ಗುಣದೋಷಗಳು

ಉಡುಪಿಯ ರಥಬೀದಿಯಲ್ಲಿ ಮಧ್ಯಾಹ್ನದ ಹೊತ್ತು ನಿಂತರೆ ಶ್ರೀಕೃಷ್ಣ ಮಠದ ಪಾಕಶಾಲೆಯ ಕಡೆಯಿಂದ ಸಾರಿನ ಪರಿಮಳವು ತೇಲಿ ಬರುತ್ತದೆ. ಆ ಸಾರಿನಲ್ಲಿ ಹುಳಿ, ಬೆಲ್ಲ, ಕೊತ್ತಂಬರಿ, ಇಂಗು ಎಲ್ಲವೂ ಉಂಟು. ನೀರುಳ್ಳಿ ಮಾತ್ರ ಇಲ್ಲ. ಅಲ್ಲಿಂದ ದಕ್ಷಿಣಕ್ಕೆ ಎಂಟು ಮೈಲಿ ನಡೆದು ಕಾಪುವಿನ ಕಡಲ ತೀರವನ್ನು ಮುಟ್ಟಿದರೆ, ೧೯೦೧ರಲ್ಲಿ ಕಟ್ಟಿದ ದೀಪಸ್ತಂಭದ ಆಚೀಚಿನ ಮನೆಗಳಲ್ಲಿ ಅದೇ ಹೊತ್ತಿಗೆ ತೆಂಗಿನಕಾಯಿ, ಒಣಮೆಣಸುಗಳ ಜತೆಗೆ ನೀರುಳ್ಳಿಯೂ ಅರೆಯುವ ಕಲ್ಲಿನ ಕೆಳಗೆ ನುರಿಯುತ್ತಿರುತ್ತದೆ. ಒಂದು ಮನೆಯಲ್ಲಿ ಹೊಸಿಲು ದಾಟಬಾರದ ವಸ್ತು, ಇನ್ನೊಂದು ಮನೆಯಲ್ಲಿ ಅದಿಲ್ಲದೆ ಅಡಿಗೆಯೇ ಇಲ್ಲ. ಇಷ್ಟು ಸಣ್ಣ ಗಡ್ಡೆಯೊಂದು ಇಷ್ಟು ದೊಡ್ಡ ಗೆರೆಯನ್ನು ಎಳೆದಿರುವುದು ಆಶ್ಚರ್ಯವೇ ಸರಿ.

ಆದರೆ ಈ ಎರಡು ಬಗೆಯ ಮನೆಗಳಲ್ಲಿಯೂ ಒಂದು ವಿಷಯದಲ್ಲಿ ಒಮ್ಮತವುಂಟು. ನೀರುಳ್ಳಿಯು ಬಲವಾದ ವಸ್ತು, ಅದರಲ್ಲಿ ಏನೋ ಒಂದು ಶಕ್ತಿಯಿದೆ ಎಂಬುದನ್ನು ಉಣ್ಣುವವರೂ ಒಪ್ಪುತ್ತಾರೆ, ಉಣ್ಣದವರೂ ಒಪ್ಪುತ್ತಾರೆ. ಉಣ್ಣದವರು ಆ ಶಕ್ತಿಗೆ ಅಂಜಿ ದೂರವಿಟ್ಟರು. ಉಣ್ಣುವವರು ಅದನ್ನು ನಂಬಿ ಕೆಮ್ಮಿಗೆ, ಕಿವಿನೋವಿಗೆ, ಚೇಳಿನ ಕುಟುಕಿಗೆ, ಮೂರ್ಛೆಗೆ ಔಷಧವೆಂದು ಬಳಸಿದರು. ಈ ನಂಬಿಕೆಯಲ್ಲಿ ಎಷ್ಟು ಕಾಳು, ಎಷ್ಟು ಜೊಳ್ಳು ಎಂಬುದನ್ನು ಕೇರಿ ನೋಡುವುದೇ ಇಂದು ನಮ್ಮ ಉದ್ದೇಶ. ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಮನೆಮದ್ದನ್ನು ಸರಿಯಾದ ಕಡೆ ನಂಬಿದರೆ ಹಣವೂ ಆಯಾಸವೂ ಉಳಿಯುತ್ತವೆ. ತಪ್ಪಾದ ಕಡೆ ನಂಬಿದರೆ ಕಿವಿಯೋ ಪ್ರಾಣವೋ ಹೋಗುತ್ತದೆ.

ಮೊದಲು ಹೆಸರಿನ ವಿಚಾರ. ಮೈಸೂರಿನ ಕಡೆ ಈರುಳ್ಳಿ, ಧಾರವಾಡದ ಕಡೆ ಉಳ್ಳಾಗಡ್ಡಿ, ನಮ್ಮ ಕರಾವಳಿಯಲ್ಲಿ ಕನ್ನಡ ತುಳುಗಳೆರಡರಲ್ಲಿಯೂ ನೀರುಳ್ಳಿ. ಉಳ್ಳಿ ಎಂಬುದು ದ್ರಾವಿಡ ಭಾಷೆಗಳಿಗೆಲ್ಲ ಸಾಮಾನ್ಯವಾದ ಹಳೆಯ ಮಾತು, ಬೆಳ್ಳಗಿರುವುದು ಬೆಳ್ಳುಳ್ಳಿ. ಸಂಸ್ಕೃತದಲ್ಲಿ ನೀರುಳ್ಳಿಗೆ ಪಲಾಂಡು ಎಂದೂ ಬೆಳ್ಳುಳ್ಳಿಗೆ ಲಶುನ ಎಂದೂ ಹೆಸರು. ಸಸ್ಯಶಾಸ್ತ್ರಜ್ಞರು ಇದನ್ನು ಆಲಿಯಂ ಸೀಪಾ ಎಂದು ಕರೆಯುತ್ತಾರೆ. ಕರಾವಳಿಯವರು ಇಟ್ಟ ಹೆಸರಿನಲ್ಲಿ ನೀರೇ ಮುಂದಾಗಿ ನಿಂತಿದೆ. ಅದು ಯುಕ್ತವೂ ಆಗಿದೆ. ನೂರು ಗ್ರಾಂ ನೀರುಳ್ಳಿಯನ್ನು ತೂಗಿ ನೋಡಿದರೆ ಅದರಲ್ಲಿ ಸುಮಾರು ೮೯ ಗ್ರಾಂ ನೀರೇ ಇರುತ್ತದೆ. ಉಳಿದದ್ದರಲ್ಲಿ ಹೆಚ್ಚಿನ ಭಾಗ ಸಕ್ಕರೆ, ನಾರು. ಅತ್ಯಲ್ಪ ಭಾಗ ಗಂಧಕವನ್ನುಳ್ಳ ಸಂಯುಕ್ತಗಳು. ಕಣ್ಣೀರು ತರಿಸುವುದೂ, ರುಚಿ ಕೊಡುವುದೂ, ಔಷಧವೆಂಬ ಕೀರ್ತಿ ತಂದಿರುವುದೂ ಆ ಅತ್ಯಲ್ಪ ಭಾಗವೇ.

ಉಡುಪಿಯ ಸೀಮೆಯು ನೀರುಳ್ಳಿಯ ತವರಲ್ಲ. ವರ್ಷಕ್ಕೆ ೪,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನೆಲದಲ್ಲಿ ಈ ಗಡ್ಡೆ ಕೊಳೆಯುವುದೇ ಹೆಚ್ಚು. ಗದಗ, ಧಾರವಾಡ, ಚಿತ್ರದುರ್ಗ, ವಿಜಯಪುರಗಳ ಕಪ್ಪು ಕೆಂಪು ಹೊಲಗಳಲ್ಲಿ ಬೆಳೆದದ್ದು ಘಟ್ಟವಿಳಿದು ಬರುತ್ತದೆ. ಮಹಾರಾಷ್ಟ್ರದ ಸರಕು ಕಡಲ ದಾರಿಯ ಪಕ್ಕದ ಹೆದ್ದಾರಿಯಲ್ಲಿ ಬರುತ್ತದೆ. ಆದರೂ ಕರಾವಳಿಗೆ ತನ್ನದೇ ಎನ್ನುವ ಒಂದು ಜಾತಿ ಇಲ್ಲದಿಲ್ಲ. ಉತ್ತರಕ್ಕೆ ಕುಮಟೆಯ ಸುತ್ತಿನ ಮರಳುಮಿಶ್ರಿತ ಗದ್ದೆಗಳಲ್ಲಿ, ಭತ್ತದ ಕೊಯ್ಲು ಮುಗಿದ ಮೇಲೆ ಬೆಳೆಯುವ ಸಿಹಿ ಈರುಳ್ಳಿಯನ್ನು ಜಡೆಯಂತೆ ಹೆಣೆದು ಬೇಸಗೆಯಲ್ಲಿ ದಾರಿಯ ಬದಿ ತೂಗುಹಾಕಿ ಮಾರುವುದನ್ನು ಪ್ರಯಾಣಿಕರು ಕಂಡಿರುತ್ತಾರೆ. ಆ ಜಡೆಯನ್ನು ಕೊಂಡುತಂದು ಅಡಿಗೆಮನೆಯಲ್ಲಿ ಹೊಗೆ ತಾಗುವ ಕಡೆ ಕಟ್ಟಿಟ್ಟರೆ ಮಳೆಗಾಲದ ತಿಂಗಳುಗಳಿಗೂ ಒದಗುತ್ತದೆ. ಹೊರನಾಡುಗಳಿಗೆ ಹೋಗುವ ಬೆಂಗಳೂರಿನ ಗುಲಾಬಿ ಈರುಳ್ಳಿಯದು ಬೇರೆ ಜಾತಿ, ಬೇರೆ ನೆಲ.

ಇನ್ನು ಬಿಟ್ಟವರ ಮಾತು. ಮನುಸ್ಮೃತಿಯ ಐದನೆಯ ಅಧ್ಯಾಯವು ಲಶುನ ಪಲಾಂಡುಗಳನ್ನು ದ್ವಿಜರಿಗೆ ನಿಷೇಧಿಸಿದೆ. ಐದನೆಯ ಶತಮಾನದ ಮೊದಲಲ್ಲಿ ಬಂದ ಚೀನೀ ಯಾತ್ರಿಕ ಫಾಹಿಯಾನನು ಮಧ್ಯದೇಶದ ಜನರು ಇವನ್ನು ತಿನ್ನುವುದಿಲ್ಲವೆಂದೂ, ತಿನ್ನುವವರು ಊರ ಹೊರಗಿನವರೆಂದೂ ಬರೆದಿಟ್ಟನು. ಊಟದ ನಿಯಮವು ಜನರನ್ನು ಬೇರ್ಪಡಿಸುವ ಬೇಲಿಯೂ ಆಗಿತ್ತೆಂಬುದು ಆ ಮಾತಿನಿಂದ ತಿಳಿಯುತ್ತದೆ. ಅದನ್ನು ನಾವು ಮರೆಯಬಾರದು. ಉಡುಪಿಯಲ್ಲಿ ಹದಿಮೂರನೆಯ ಶತಮಾನದ ಮಧ್ವಾಚಾರ್ಯರಿಂದ ಬಂದ ಪರಂಪರೆಯು ಪಾಕವನ್ನೇ ಪೂಜೆಯ ಅಂಗವಾಗಿ ಮಾಡಿಕೊಂಡಿತು. ರಜಸ್ಸನ್ನೂ ತಮಸ್ಸನ್ನೂ ಹೆಚ್ಚಿಸುವುದೆಂದು ನೀರುಳ್ಳಿಯು ಹೊರಗುಳಿಯಿತು. ಚಾತುರ್ಮಾಸ್ಯ ಬಂದಿತೆಂದರೆ ಮೊದಲ ತಿಂಗಳು ಶಾಕವ್ರತ, ಆಮೇಲೆ ಮೊಸರು, ಹಾಲು, ದ್ವಿದಳ ಎಂದು ಒಂದೊಂದು ತಿಂಗಳು ಒಂದೊಂದನ್ನು ಬಿಡುವ ಮನೆಗಳಲ್ಲಿ ಒಂದು ಗಡ್ಡೆಯನ್ನು ಬಿಡುವುದು ದೊಡ್ಡ ತ್ಯಾಗವೇನಲ್ಲ. ಕಾಪುವಿಗೆ ಸಮೀಪದ ಮಟ್ಟು ಗ್ರಾಮದ ಗುಳ್ಳಕ್ಕೆ ೨೦೧೧ರಲ್ಲಿ ಭೌಗೋಳಿಕ ಮಾನ್ಯತೆ ದೊರಕಿತಷ್ಟೆ. ಆ ಗುಳ್ಳದ ಹುಳಿಗೆ ನೀರುಳ್ಳಿಯ ನೆರವು ಬೇಕಿಲ್ಲವೆಂದು ಉಂಡವರೆಲ್ಲರೂ ಬಲ್ಲರು.

ಕಾರ್ಕಳದಲ್ಲಿ ಕಾರಣವು ಬೇರೆ. ೧೪೩೨ರಲ್ಲಿ ವೀರಪಾಂಡ್ಯ ಭೈರರಸನು ನಿಲ್ಲಿಸಿದ ಗೊಮ್ಮಟನ ಊರು ಅದು. ನೆಲದಡಿಯ ಕಂದಮೂಲಗಳಲ್ಲಿ ಅಸಂಖ್ಯ ಜೀವಗಳು ನೆಲಸಿವೆಯೆಂದೂ, ಗಡ್ಡೆಯನ್ನು ಕೀಳುವುದರಿಂದ ಸಸಿಯ ಜೀವವೇ ಹೋಗುತ್ತದೆಂದೂ ಜೈನಮತವು ನೀರುಳ್ಳಿಯನ್ನು ವರ್ಜಿಸಿತು. ಉಡುಪಿಯವರು ಉಣ್ಣುವವನ ಮನಸ್ಸನ್ನು ಕುರಿತು ಯೋಚಿಸಿದರೆ, ಕಾರ್ಕಳದ ಶ್ರಾವಕರು ತಿನ್ನಲ್ಪಡುವ ಜೀವವನ್ನು ಕುರಿತು ಯೋಚಿಸಿದರು. ಎರಡು ದಾರಿಗಳೂ ಸೇರಿದ್ದು ನೀರುಳ್ಳಿಯಿಲ್ಲದ ಒಂದೇ ಎಲೆಗೆ.

ಇಲ್ಲಿ ಒಂದು ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗಲಾರೆವು. ನೀರುಳ್ಳಿಯನ್ನು ಬಿಟ್ಟ ಅಡಿಗೆಮನೆಗಳು ಅದರ ರುಚಿಯನ್ನು ಪೂರ್ತಿಯಾಗಿ ಬಿಡಲಿಲ್ಲ. ಸಾರಿಗೂ ಹುಳಿಗೂ ಬೀಳುವ ಇಂಗಿನ ವಾಸನೆಗೆ ಮೂಲವೂ ಗಂಧಕದ ಸಂಯುಕ್ತಗಳೇ. ಆಫ್ಘಾನಿಸ್ತಾನ ಪಾರಸೀಕಗಳ ಒಣ ಬೆಟ್ಟಗಳ ಗಿಡವೊಂದರ ಅಂಟು ನಮ್ಮ ಒಗ್ಗರಣೆಯ ಸೌಟಿನಲ್ಲಿ ಸಿಡಿದು, ನೀರುಳ್ಳಿ ಬೆಳ್ಳುಳ್ಳಿಗಳು ಮಾಡಬೇಕಾದ ಕೆಲಸವನ್ನು ತಾನು ಮಾಡುತ್ತದೆ.

ಧರ್ಮಶಾಸ್ತ್ರವು ಬೇಡವೆಂದದ್ದನ್ನು ವೈದ್ಯಶಾಸ್ತ್ರವು ಬೇಡವೆನ್ನಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ೨೭ನೆಯ ಅಧ್ಯಾಯವು ಅನ್ನಪಾನಗಳ ಗುಣಗಳನ್ನು ಎಣಿಸುವಲ್ಲಿ ಪಲಾಂಡುವನ್ನೂ ಎಣಿಸಿದೆ: ಕಫವನ್ನು ಹೆಚ್ಚಿಸುವುದು, ವಾತವನ್ನು ತಗ್ಗಿಸುವುದು, ಪಿತ್ತವನ್ನು ಶಮನ ಮಾಡದು, ಬಲಕಾರಿ, ರುಚಿಕಾರಿ, ಆದರೆ ಜೀರ್ಣಕ್ಕೆ ಭಾರ ಎಂದು ಅದರ ಅಭಿಪ್ರಾಯ. ಹೊಗಳಿಕೆಯ ಜತೆಗೆ ದೋಷವನ್ನೂ ಹೇಳಿರುವ ಈ ನಿಷ್ಪಕ್ಷಪಾತವು ಇಂದಿನ ಅನೇಕ ಪ್ರಶಂಸಕರಲ್ಲಿ ಕಾಣುವುದಿಲ್ಲ. ೧೮೯೦ರಲ್ಲಿ ಮಧ್ಯ ಏಷ್ಯದ ಕೂಚಾ ಎಂಬಲ್ಲಿ ಬೋವರ್ ಎಂಬ ಸೈನ್ಯಾಧಿಕಾರಿಯ ಕೈಗೆ ಬಂದ ಪ್ರಾಚೀನ ಸಂಸ್ಕೃತ ಓಲೆಗಳು ಬೆಳ್ಳುಳ್ಳಿಯ ವೈದ್ಯದ ವಿಚಾರದಿಂದಲೇ ಮೊದಲಾಗುತ್ತವೆ. ಹೊರದೇಶಗಳಲ್ಲಿಯೂ ಹೀಗೆಯೇ. ಈಜಿಪ್ಟಿನ ನಾಲ್ಕನೆಯ ರಾಮೆಸ್ಸೆಸ್ ದೊರೆಯ ಶವವನ್ನು ಕೆಡದಂತೆ ಸಂಸ್ಕರಿಸಿದವರು ಅವನ ಕಣ್ಣುಗಳ ಎಡೆಯಲ್ಲಿ ನೀರುಳ್ಳಿಯನ್ನಿಟ್ಟಿದ್ದರು. ಪಿರಮಿಡ್ಡು ಕಟ್ಟಿದ ಕೂಲಿಕಾರರಿಗೆ ಮೂಲಂಗಿ, ಈರುಳ್ಳಿ, ಬೆಳ್ಳುಳ್ಳಿಗಳಿಗಾಗಿ ಮಾಡಿದ ಖರ್ಚನ್ನು ಗ್ರೀಕ್ ಚರಿತ್ರಕಾರ ಹೆರೊಡೊಟಸನು ಬರೆದಿದ್ದಾನೆ.

ಈಗ ಕಣ್ಣೀರಿನ ರಹಸ್ಯ. ಇಡಿಯ ನೀರುಳ್ಳಿಯನ್ನು ಮೂಗಿನ ಬಳಿ ಹಿಡಿದರೆ ಹೇಳಿಕೊಳ್ಳುವಂಥ ಘಾಟಿಲ್ಲ. ಕತ್ತಿ ತಾಗಿದ ಮೇಲೆಯೇ ಅದರ ಪ್ರತಾಪ. ಗಡ್ಡೆಯ ಒಂದೊಂದು ಜೀವಕೋಶದಲ್ಲಿಯೂ ಎರಡು ಪದಾರ್ಥಗಳು ಬೇರೆ ಬೇರೆ ಕೋಣೆಗಳಲ್ಲಿ ಇರುತ್ತವೆ: ಒಂದು ಗಂಧಕವುಳ್ಳ ಸಂಯುಕ್ತ, ಇನ್ನೊಂದು ಅದನ್ನು ಒಡೆಯುವ ಕಿಣ್ವ. ಕತ್ತಿಯು ಗೋಡೆಯನ್ನು ಮುರಿದಾಗ ಎರಡೂ ಕೂಡಿ ಹೊಸ ವಸ್ತುಗಳು ಹುಟ್ಟುತ್ತವೆ. ಅವುಗಳಲ್ಲೊಂದು ಆವಿಯಾಗಿ ಮೇಲೆದ್ದು ಕಣ್ಣಿನ ತೇವಕ್ಕೆ ತಗಲಿ ಉರಿಯನ್ನುಂಟುಮಾಡುತ್ತದೆ. ಕಣ್ಣು ಅದನ್ನು ತೊಳೆಯುವುದಕ್ಕಾಗಿ ನೀರು ಸುರಿಸುತ್ತದೆ. ಫಿನ್ಲೆಂಡಿನ ವಿರ್ಟಾನೆನ್ ಎಂಬ ರಸಾಯನಶಾಸ್ತ್ರಜ್ಞರು, ೧೯೪೫ರ ನೊಬೆಲ್ ಬಹುಮಾನ ಪಡೆದವರು, ೧೯೬೦ರ ದಶಕದಲ್ಲಿ ಇದರ ಮೂಲವನ್ನು ಶೋಧಿಸಿದರು. ಕಣ್ಣೀರಿನ ಆವಿಯನ್ನು ಹುಟ್ಟಿಸುವುದಕ್ಕೆಂದೇ ಎರಡನೆಯ ಒಂದು ಕಿಣ್ವವು ಬೇರೆಯಾಗಿ ಇದೆಯೆಂಬುದನ್ನು ಜಪಾನಿನ ಸಂಶೋಧಕರು ೨೦೦೨ರಲ್ಲಿ ಪ್ರಕಟಿಸಿದರು. ಸಸಿಯು ತನ್ನನ್ನು ಕಡಿಯಬರುವ ಹುಳುಹುಪ್ಪಟೆಗಳಿಂದ ಕಾಪಾಡಿಕೊಳ್ಳುವುದಕ್ಕೆ ಹೂಡಿದ ಆಯುಧವಿದು. ನಮ್ಮ ಗೃಹಿಣಿಯರ ಕಣ್ಣು ಸುಮ್ಮನೆ ನಡುವೆ ಸಿಕ್ಕಿಕೊಂಡಿದೆ.

ಇದರಿಂದ ಎರಡು ಉಪಯುಕ್ತ ವಿಷಯಗಳು ಹೊರಡುತ್ತವೆ. ನೀರುಳ್ಳಿಯನ್ನು ಸ್ವಲ್ಪ ಹೊತ್ತು ತಣ್ಣಗಿಟ್ಟು, ಹರಿತವಾದ ಕತ್ತಿಯಿಂದ ಹೆಚ್ಚಿದರೆ ಕಣ್ಣೀರು ಕಡಿಮೆಯಾಗುತ್ತದೆ. ತಣುಪಿನಲ್ಲಿ ಕಿಣ್ವದ ಕೆಲಸ ನಿಧಾನ, ಹರಿತವಾದ ಅಲಗಿನಿಂದ ಜಜ್ಜುವ ಕೋಶಗಳೂ ಕಡಿಮೆ. ಎರಡನೆಯದು, ಬೇಯಿಸಿದ ನೀರುಳ್ಳಿಯಲ್ಲಿ ಕಿಣ್ವವು ಸತ್ತು ಘಾಟು ಅಡಗಿ ಸಿಹಿಯು ಮೇಲೆ ಬರುತ್ತದೆ. ಆದಕಾರಣ ಹಸಿಯದಕ್ಕೆ ಹೇಳಿದ ಗುಣವೆಲ್ಲ ಬೆಂದದ್ದಕ್ಕೆ ಸಲ್ಲದು.

ಆಹಾರವಾಗಿ ಇದರ ಯೋಗ್ಯತೆ ಏನು? ನೂರು ಗ್ರಾಂ ನೀರುಳ್ಳಿಯಿಂದ ದೇಹಕ್ಕೆ ದೊರೆಯುವ ಶಾಖವು ಸುಮಾರು ೪೦ ಕ್ಯಾಲೊರಿ. ಸಿ ಜೀವಸತ್ವ ಸುಮಾರು ೭ ಮಿಲಿಗ್ರಾಂ. ನಾರು ಒಂದೂವರೆ ಎರಡು ಗ್ರಾಂ. ಇವು ದೊಡ್ಡ ಮೊತ್ತಗಳಲ್ಲ. ಇದರಲ್ಲಿರುವ ಫ್ರಕ್ಟಾನ್ ಎಂಬ ಬಗೆಯ ನಾರು ನಮ್ಮ ಹೊಟ್ಟೆಯಲ್ಲಿ ಕರಗದೆ ದೊಡ್ಡ ಕರುಳಿಗೆ ಇಳಿದು ಅಲ್ಲಿನ ಹಿತಕಾರಿ ಜೀವಾಣುಗಳಿಗೆ ಆಹಾರವಾಗುತ್ತದೆ. ಅದೇ ನಾರು ಕೆಲವರ ಹೊಟ್ಟೆಯಲ್ಲಿ ವಾಯುವನ್ನೂ ಉಬ್ಬರವನ್ನೂ ಉಂಟುಮಾಡುತ್ತದೆ; ಎದೆಯುರಿಯುಳ್ಳವರಿಗೆ ಹಸಿ ನೀರುಳ್ಳಿಯು ಉರಿಯನ್ನು ಹೆಚ್ಚಿಸಬಹುದು. ಜೀರ್ಣಕ್ಕೆ ಭಾರವೆಂದು ಚರಕಸಂಹಿತೆ ಹೇಳಿದ್ದನ್ನು ಇಲ್ಲಿ ನೆನೆಯಬಹುದು.

ಕೆಂಪು ನೀರುಳ್ಳಿಯ ಹೊರಗಿನ ಪದರಗಳಲ್ಲಿ ಕ್ವೆರ್ಸೆಟಿನ್ ಎಂಬ ವರ್ಣದ್ರವ್ಯವು ಹೇರಳವಾಗಿದೆ. ರಕ್ತದ ಒತ್ತಡಕ್ಕೆ ನೀರುಳ್ಳಿಯು ಮದ್ದು ಎಂಬ ಮಾತಿಗೆ ಇದೇ ಆಧಾರ. ಜರ್ಮನಿಯ ಬಾನ್ ನಗರದ ಸಂಶೋಧಕರು ೨೦೧೫ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಮೈ ತೂಕ ಹೆಚ್ಚಿದ್ದ ಜನರಿಗೆ ಈರುಳ್ಳಿಯ ಸಿಪ್ಪೆಯಿಂದ ತೆಗೆದ ಈ ದ್ರವ್ಯವನ್ನು ದಿನಕ್ಕೆ ೧೬೨ ಮಿಲಿಗ್ರಾಮಿನಂತೆ ಆರು ವಾರ ಕೊಟ್ಟರು. ರಕ್ತದೊತ್ತಡವು ಮೊದಲೇ ಏರಿದ್ದವರಲ್ಲಿ ಮೇಲಿನ ಅಂಕಿಯು ಮೂರೂವರೆ ಮಿಲಿಮೀಟರಿನಷ್ಟು ಇಳಿಯಿತು; ಎಲ್ಲರನ್ನೂ ಒಟ್ಟಿಗೆ ತೆಗೆದುಕೊಂಡರೆ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಅಷ್ಟು ದ್ರವ್ಯವನ್ನು ಅಡಿಗೆಯಿಂದಲೇ ಪಡೆಯಬೇಕಾದರೆ ದಿನವೂ ಕೆಲವು ನೂರು ಗ್ರಾಂ ನೀರುಳ್ಳಿಯನ್ನು ತಿನ್ನಬೇಕಾಗುತ್ತದೆ. ಹೀಗಿರಲು, ಹಸಿ ನೀರುಳ್ಳಿಯನ್ನು ಕಚ್ಚಿ ತಿಂದು ವೈದ್ಯರು ಕೊಟ್ಟ ಗುಳಿಗೆಯನ್ನು ಬಿಡುವವನು ತನಗೆ ತಾನೇ ವಂಚನೆ ಮಾಡಿಕೊಂಡಂತೆ. ಮಿತವಾಗಿ, ಊಟದ ಅಂಗವಾಗಿ ತಿಂದರೆ ಹಿತವುಂಟು, ಅಷ್ಟಕ್ಕೆ ತೃಪ್ತರಾಗಬೇಕು. ಕುಚ್ಚಲಕ್ಕಿಯ ಗಂಜಿ, ಉಪ್ಪು ಹಾಕಿದ ಮಜ್ಜಿಗೆ, ಕಚ್ಚಿಕೊಳ್ಳಲು ಹಸಿ ನೀರುಳ್ಳಿ ಎಂಬ ನಮ್ಮ ಬೇಸಗೆಯ ಊಟವು ಬೆವರಿ ಬಂದವನಿಗೆ ನೀರನ್ನೂ ಉಪ್ಪನ್ನೂ ರುಚಿಯನ್ನೂ ಒಟ್ಟಿಗೆ ಕೊಡುತ್ತದೆ.

ಇನ್ನು ಮನೆಮದ್ದುಗಳನ್ನು ಒಂದೊಂದಾಗಿ ನೋಡೋಣ. ಅವನ್ನು ಮೂರು ಗುಂಪುಗಳಾಗಿ ವಿಂಗಡಿಸುವುದು ಅನುಕೂಲ: ಮಾಡಬಹುದಾದವು, ಮಾಡಿದರೂ ಬಿಟ್ಟರೂ ಒಂದೇ ಆದವು, ಮಾಡಲೇಬಾರದವು.

ಮೊದಲ ಗುಂಪಿನಲ್ಲಿ ಕೆಮ್ಮಿನ ಮದ್ದು. ನೀರುಳ್ಳಿಯ ರಸಕ್ಕೆ ಬೆಲ್ಲವನ್ನೋ ಜೇನುತುಪ್ಪವನ್ನೋ ಬೆರೆಸಿ ನೆಕ್ಕಿಸುವುದು ಹಳೆಯ ವಾಡಿಕೆ. ದೊಡ್ಡವರ ಸಾಧಾರಣ ನೆಗಡಿ ಕೆಮ್ಮಿಗೆ ಇದರಿಂದ ಹಾನಿಯಿಲ್ಲ. ಜೇನುತುಪ್ಪವು ಗಂಟಲನ್ನು ನಯಮಾಡುತ್ತದೆ. ಆದರೆ ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪವನ್ನು ಯಾವ ಕಾರಣಕ್ಕೂ ಕೊಡಬಾರದು. ಅದರಲ್ಲಿ ಅಡಗಿರಬಹುದಾದ ಒಂದು ಜೀವಾಣುವಿನ ಬೀಜಗಳು ಎಳೆಯ ಕರುಳಿನಲ್ಲಿ ಮೊಳೆತು, ಸ್ನಾಯುಗಳನ್ನು ಸೋಲಿಸುವ ಘೋರವಾದ ವಿಷವನ್ನು ಬಿಡಬಲ್ಲವು. ಕೆಮ್ಮು ಮೂರು ವಾರ ಮೀರಿದರೆ, ಕಫದಲ್ಲಿ ರಕ್ತ ಕಂಡರೆ, ಮಗುವು ಉಸಿರಾಡುವಾಗ ಪಕ್ಕೆ ಒಳಸೇದಿದರೆ ನೀರುಳ್ಳಿಯ ಮಾತನ್ನೇ ಎತ್ತಬಾರದು. ಕುರುವಿಗೆ ಬೆಚ್ಚಗೆ ಮಾಡಿದ ನೀರುಳ್ಳಿಯನ್ನು ಕಟ್ಟುವುದೂ ಇದೇ ಗುಂಪಿನದು. ಅಲ್ಲಿ ಕೆಲಸ ಮಾಡುವುದು ಹೆಚ್ಚಾಗಿ ಶಾಖವೇ. ಬಿಸಿನೀರಿನಲ್ಲಿ ಅದ್ದಿದ ಶುಭ್ರವಾದ ಬಟ್ಟೆಯೂ ಅಷ್ಟೇ ಕೆಲಸ ಮಾಡುತ್ತದೆ.

ಎರಡನೆಯ ಗುಂಪಿನಲ್ಲಿ ಬಿಸಿಲಿಗೆ ಹೋಗುವಾಗ ಕಿಸೆಯಲ್ಲಿ ನೀರುಳ್ಳಿಯನ್ನಿಟ್ಟುಕೊಳ್ಳುವುದು, ಕತ್ತರಿಸಿದ ಹೋಳನ್ನು ಕೋಣೆಯ ಮೂಲೆಯಲ್ಲಿಟ್ಟು ಅದು ರೋಗಾಣುಗಳನ್ನು ಹೀರಿಕೊಳ್ಳುತ್ತದೆಂದು ನಂಬುವುದು ಸೇರುತ್ತವೆ. ಕಿಸೆಯ ನೀರುಳ್ಳಿಯಿಂದ ಬಿಸಿಲಿನ ತಾಪವು ಇಳಿಯದು, ಕೋಣೆಯ ಹೋಳಿನಿಂದ ಗಾಳಿಯು ಶುದ್ಧವಾಗದು. ಕೂದಲು ಬೆಳೆಯಲು ನೀರುಳ್ಳಿಯ ರಸವನ್ನು ಹಚ್ಚುವ ವಾಡಿಕೆಯ ವಿಷಯದಲ್ಲಿ ಮಾತ್ರ ಒಂದು ಸಣ್ಣ ಆಧಾರವಿದೆ. ಇರಾಕಿನ ಬಾಗ್ದಾದಿನ ವೈದ್ಯರು ೨೦೦೨ರಲ್ಲಿ ೩೮ ಮಂದಿಯ ಮೇಲೆ ನಡೆಸಿದ ಪರೀಕ್ಷೆಯಲ್ಲಿ, ತಲೆಯಲ್ಲಿ ಕಾಸಿನಗಲ ಕೂದಲುದುರುವ ಒಂದು ಬಗೆಯ ರೋಗಕ್ಕೆ ಈ ರಸವು ಗುಣಕೊಟ್ಟಿತೆಂದು ಕಂಡಿತು. ಆ ರೋಗವು ಎಷ್ಟೋ ಸಲ ತಾನಾಗಿಯೇ ವಾಸಿಯಾಗುವುದುಂಟು, ಪರೀಕ್ಷೆಯೂ ಚಿಕ್ಕದು. ವಯಸ್ಸಿನೊಡನೆ ಬರುವ ಬೋಳುತನಕ್ಕೂ ಅದಕ್ಕೂ ಸಂಬಂಧವಿಲ್ಲ. ಪರೀಕ್ಷಿಸಬೇಕೆನ್ನುವವರು ಚರ್ಮವು ಕೆಂಪಾದೊಡನೆ ನಿಲ್ಲಿಸತಕ್ಕದ್ದು.

ಮೂರನೆಯ ಗುಂಪಿಗೆ ಬರುವಾಗ ನಮ್ಮ ಪರಿಚಯದ ಒಂದು ಮನೆಯ ಸಂಗತಿಯನ್ನು ಹೇಳಬೇಕಾಗಿದೆ. ಕಾಪುವಿನ ಹತ್ತಿರದ ಆ ಮನೆಯ ಏಳು ವರ್ಷದ ಹುಡುಗಿಗೆ ಆಟಿ ತಿಂಗಳ ಜಡಿಮಳೆಯಲ್ಲಿ ನೆಗಡಿಯಾಗಿ ಕಿವಿನೋವು ಬಂದಿತು. ಅಜ್ಜಿಯವರು ನೀರುಳ್ಳಿಯನ್ನು ಕೆಂಡದಲ್ಲಿ ಬಾಡಿಸಿ, ಹಿಂಡಿ, ಬೆಚ್ಚಗಿನ ರಸವನ್ನು ಕಿವಿಗೆ ಬಿಟ್ಟರು. ಬಿಸಿಗೆ ನೋವು ಸ್ವಲ್ಪ ತಗ್ಗಿದಂತಾಯಿತು. ಮರುದಿನವೂ ಬಿಟ್ಟರು, ಮೂರನೆಯ ದಿನವೂ ಬಿಟ್ಟರು. ನಾಲ್ಕನೆಯ ಬೆಳಿಗ್ಗೆ ದಿಂಬಿನ ಮೇಲೆ ಕೀವು ಕಂಡಿತು. ವೈದ್ಯರು ನೋಡಿದಾಗ ತಮಟೆಯ ಪೊರೆಯಲ್ಲಿ ತೂತು ಬಿದ್ದಿತ್ತು. ಅಜ್ಜಿಯವರು ಕಣ್ಣೀರಿಟ್ಟು, "ನಾನು ಒಳ್ಳೆಯದಾಗಲಿ ಎಂದೇ ಮಾಡಿದ್ದು ಮಾರಾಯ್ರೆ, ನನ್ನ ಮಕ್ಕಳಿಗೆಲ್ಲ ಹೀಗೆಯೇ ಮಾಡಿದ್ದೆ" ಎಂದರು. ವೈದ್ಯರು ಗದರಲಿಲ್ಲ. "ಅಮ್ಮಾ, ಕಿವಿ ಕೆಟ್ಟದ್ದು ಒಳಗಿನ ಸೋಂಕಿನಿಂದ. ನೀರುಳ್ಳಿಯನ್ನು ನಂಬಿ ಕಳೆದ ಮೂರು ದಿನ ಆ ಸೋಂಕಿಗೆ ಅನುಕೂಲವಾಯಿತು. ಪೊರೆಯು ತೂತಾದ ಮೇಲೆ ಬಿಟ್ಟ ರಸವು ಒಳಗೇ ಇಳಿಯಿತು" ಎಂದರು. ಆ ಹುಡುಗಿಯ ಕಿವಿಯು ಕೂಡಿಕೊಳ್ಳಲು ಹಲವು ತಿಂಗಳು ಹಿಡಿದವು. ಶಾಲೆಯಲ್ಲಿ ಅಷ್ಟು ದಿನ ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕಾಯಿತು.

ನಾವು ಈ ಕಥೆಯನ್ನು ಅಜ್ಜಿಯರ ನಿಂದೆಗೆಂದು ಹೇಳಲಿಲ್ಲ. ಅವರ ಮಕ್ಕಳ ಕಿವಿನೋವು ವಾಸಿಯಾದದ್ದು ನಿಜವೇ; ಮಕ್ಕಳ ಕಿವಿನೋವು ಅನೇಕ ಸಲ ಎರಡು ಮೂರು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಕೀರ್ತಿಯು ನೀರುಳ್ಳಿಗೆ ಸಲ್ಲುತ್ತದೆ. ಹತ್ತರಲ್ಲಿ ಎಂಟು ಸಲ ಗೆದ್ದ ಮದ್ದು ಉಳಿದೆರಡು ಸಲ ಏನು ಮಾಡಿತೆಂಬುದನ್ನು ಯಾರೂ ಲೆಕ್ಕವಿಡುವುದಿಲ್ಲ. ಮನೆಮದ್ದಿನ ಕೀರ್ತಿಯೆಲ್ಲ ಬೆಳೆಯುವುದು ಹೀಗೆಯೇ.

ಇದೇ ಗುಂಪಿನಲ್ಲಿ ಇನ್ನು ಕೆಲವುಂಟು. ಅಪಸ್ಮಾರದಿಂದ ಬಿದ್ದವನ ಮೂಗಿಗೆ ಜಜ್ಜಿದ ನೀರುಳ್ಳಿಯನ್ನು ಹಿಡಿಯುವುದು, ಕೈಗೆ ಬೀಗದ ಕೈ ಕೊಡುವುದು ನಮ್ಮ ಬೀದಿಗಳಲ್ಲಿ ಇಂದಿಗೂ ನಡೆಯುತ್ತದೆ. ಸೆಳವು ಸಾಮಾನ್ಯವಾಗಿ ಒಂದೆರಡು ನಿಮಿಷಗಳಲ್ಲಿ ತಾನೇ ನಿಲ್ಲುತ್ತದೆ. ಅವನನ್ನು ಪಕ್ಕಕ್ಕೆ ಮಲಗಿಸಿ, ತಲೆಗೆ ಪೆಟ್ಟಾಗದಂತೆ ನೋಡಿ, ಬಾಯಿಗೆ ಏನನ್ನೂ ತುರುಕದೆ ಕಾಯಬೇಕು. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಸಾಗಿಸಬೇಕು. ಹಾವು ಕಚ್ಚಿದವನಿಗೆ ನೀರುಳ್ಳಿಯನ್ನೋ ಮೆಣಸನ್ನೋ ತಿನ್ನಿಸಿ, ಖಾರ ತೋರಿದರೆ ವಿಷವೇರಿಲ್ಲವೆಂದು ನಿರ್ಣಯಿಸುವುದು ಮಹಾಪಾಯ. ವಿಷವು ನಾಲಿಗೆಯ ರುಚಿಯನ್ನು ಕೇಳಿ ಏರುವುದಿಲ್ಲ. ಪ್ರತಿವಿಷದ ಸೂಜಿಮದ್ದೊಂದೇ ಅದಕ್ಕೆ ಉತ್ತರ. ಕಚ್ಚಿದ ಅಂಗವನ್ನು ಅಲುಗಿಸದೆ, ಕೊಯ್ಯದೆ, ಬಿಗಿದು ಕಟ್ಟದೆ ಬೇಗನೆ ಆಸ್ಪತ್ರೆಯನ್ನು ಸೇರಬೇಕು. ಸುಟ್ಟ ಗಾಯಕ್ಕೆ ನೀರುಳ್ಳಿಯ ರಸವನ್ನು ಹಚ್ಚದೆ ಇಪ್ಪತ್ತು ನಿಮಿಷ ತಣ್ಣೀರನ್ನು ಹರಿಯಬಿಡಬೇಕು. ವಾಂತಿಭೇದಿಗೆ ರಸವನ್ನು ಕುಡಿಸುತ್ತ ಕೂರುವ ಬದಲು ಉಪ್ಪು ಸಕ್ಕರೆಗಳ ಪುನರ್ಜಲೀಕರಣದ ಪುಡಿಯನ್ನು ಕುದಿಸಿ ಆರಿಸಿದ ನೀರಿನಲ್ಲಿ ಕಲಸಿ ಕೊಡಬೇಕು. ಬಿಸಿಲಿನ ಹೊಡೆತದಿಂದ ಪ್ರಜ್ಞೆ ತಪ್ಪಿದವನನ್ನು ನೆರಳಿಗೆ ತಂದು, ಮೈಗೆ ನೀರು ಹೊಯ್ದು, ಗಾಳಿ ಬೀಸಿ ವೈದ್ಯರಲ್ಲಿಗೆ ಒಯ್ಯಬೇಕು.

೨೦೨೦-೨೧ರ ಕೊರೋನಾ ಮಾರಿಯ ಕಾಲದಲ್ಲಿ ಹಸಿ ಈರುಳ್ಳಿಯನ್ನು ಸೈಂಧವ ಲವಣದೊಡನೆ ತಿಂದರೆ ರೋಗವು ನಿಮಿಷಗಳಲ್ಲಿ ಬಿಡುತ್ತದೆಂಬ ಮಾತು ಕೈಯಿಂದ ಕೈಗೆ ಹರಡಿತು. ಅದಕ್ಕೆ ಯಾವ ಆಧಾರವೂ ಇರಲಿಲ್ಲ. ೨೦೨೧ರಲ್ಲಿ ಕಪ್ಪು ಶಿಲೀಂಧ್ರದ ರೋಗವು ಕಾಣಿಸಿಕೊಂಡಾಗ, ನೀರುಳ್ಳಿಯ ಸಿಪ್ಪೆಯ ಮೇಲಿನ ಕಪ್ಪು ಬೂಷ್ಟೇ ಅದಕ್ಕೆ ಕಾರಣವೆಂದು ಇನ್ನೊಂದು ಮಾತು ಹಬ್ಬಿತು. ಅದೂ ಸುಳ್ಳು, ಆ ಬೂಷ್ಟು ಬೇರೆ ಜಾತಿಯದು. ಒಂದೇ ಗಡ್ಡೆಯನ್ನು ವರ್ಷದೊಳಗೆ ಧನ್ವಂತರಿಯನ್ನಾಗಿಯೂ ಯಮನನ್ನಾಗಿಯೂ ಮಾಡಿದ ಜನರ ಕಲ್ಪನೆಗೆ ಏನೆನ್ನೋಣ! ಬೂಷ್ಟು ಹಿಡಿದ ಸಿಪ್ಪೆಯನ್ನು ಸುಲಿದು, ತೊಳೆದು, ಒಳಗಿನವರೆಗೆ ಹಿಡಿದಿದ್ದರೆ ಎಸೆದರಾಯಿತು. ಮಳೆಗಾಲದಲ್ಲಿ ಗಾಳಿಯಾಡುವ ಕಡೆ ಹರಡಿಟ್ಟರೆ ಬೂಷ್ಟಿನ ಕಾಟವೂ ಕಡಿಮೆ. ಹೆಚ್ಚಿ ಮಿಕ್ಕದ್ದನ್ನು ಮುಚ್ಚಿ ತಣ್ಣಗಿಟ್ಟು ಮರುದಿನ ಬಳಸುವುದರಲ್ಲಿ ವಿಷವೇನೂ ಇಲ್ಲ. ಒಂದು ವಿಷ ಮಾತ್ರ ದಿಟ: ಮನೆಯ ನಾಯಿ ಬೆಕ್ಕುಗಳಿಗೆ ನೀರುಳ್ಳಿಯು ಹಸಿಯಾಗಲಿ ಬೆಂದದ್ದಾಗಲಿ ಆಗಿಬಾರದು, ಅದು ಅವುಗಳ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಉಳಿದ ಸಾಂಬಾರು ಕಲಸಿದ ಅನ್ನವನ್ನು ನಾಯಿಗೆ ಹಾಕುವವರು ಇದನ್ನು ನೆನಪಿನಲ್ಲಿಡತಕ್ಕದ್ದು.

ಹಾಗಾದರೆ ಮನೆಮದ್ದನ್ನು ಬಿಟ್ಟುಬಿಡಬೇಕೆ? ಬೇಕಿಲ್ಲ. ಮದ್ದನ್ನು ಕೈಗೆತ್ತಿಕೊಳ್ಳುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಇದು ತಾನಾಗಿಯೇ ಇಳಿಯುವ ಸಣ್ಣ ಬಾಧೆಯೋ, ತಡಮಾಡಿದರೆ ಕೆಡುವ ರೋಗವೋ? ಈ ಮದ್ದು ಅಡಿಗೆಯಲ್ಲಿ ತಿನ್ನುವ ರೀತಿಯಲ್ಲಿಯೇ ಒಳಗೆ ಹೋಗುವುದೋ, ಇಲ್ಲವೆ ಕಿವಿ, ಕಣ್ಣು, ಗಾಯಗಳಂಥ ಸೂಕ್ಷ್ಮವಾದ ಎಡೆಗೆ ಬೀಳುವುದೋ? ರೋಗಿಯು ಗಟ್ಟಿಮುಟ್ಟಾದವನೋ, ಕೂಸೋ, ಬಸುರಿಯೋ, ಬೇರೆ ಔಷಧ ನುಂಗುತ್ತಿರುವ ವೃದ್ಧನೋ? ಮೂರಕ್ಕೂ ಸಮಾಧಾನದ ಉತ್ತರ ಸಿಕ್ಕಿದರೆ ಅಜ್ಜಿಯ ಮಾತನ್ನು ಧಾರಾಳವಾಗಿ ನಡೆಸಬಹುದು. ಒಂದಕ್ಕೆ ಸಂಶಯ ಬಂದರೂ ಕೇಳಬೇಕಾದವರನ್ನು ಕೇಳಬೇಕು.

ಕೇಳುವುದಕ್ಕೆ ನಮ್ಮ ಸೀಮೆಯಲ್ಲಿ ಕೊರತೆಯಿಲ್ಲ. ಉಡುಪಿಯಿಂದ ಮೂರು ಮೈಲಿಯ ಮಣಿಪಾಲವು ಒಂದು ಕಾಲಕ್ಕೆ ಬೋಳು ಮುರಕಲ್ಲಿನ ಗುಡ್ಡವಾಗಿತ್ತು. ಡಾಕ್ಟರ್ ಟಿ. ಎಂ. ಎ. ಪೈಯವರು ೧೯೫೩ರಲ್ಲಿ ಅಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ನಿಲ್ಲಿಸಿದರು. ಉಡುಪಿಯ ಕುತ್ಪಾಡಿಯಲ್ಲಿ ೧೯೫೮ರಿಂದ ಆಯುರ್ವೇದದ ಕಾಲೇಜು ನಡೆದುಬಂದಿದೆ. ಪಲಾಂಡುವಿನ ಗುಣವನ್ನು ಹೇಳಿದ ಸಂಹಿತೆಯನ್ನು ಓದಿಸುವವರೂ, ಕಿವಿಯ ತಮಟೆಯನ್ನು ದೀಪ ಹಿಡಿದು ನೋಡುವವರೂ ಒಂದೇ ತಾಲ್ಲೂಕಿನಲ್ಲಿರುವಾಗ, ಮೂರು ದಿನ ಊಹೆಯ ಮೇಲೆ ಕಳೆಯುವುದಕ್ಕೆ ನೆಪವಿಲ್ಲ.

ರಥಬೀದಿಯ ಸಾರಿಗೆ ನೀರುಳ್ಳಿ ಬೇಡ. ಕಾಪುವಿನ ಬಂಗುಡೆಯ ಪದಾರ್ಥಕ್ಕೆ ಬೇಕು. ಉಡುಪಿಯವರೇ ಊರೂರಿನಲ್ಲಿ ನಡೆಸುವ ಹೋಟೆಲುಗಳಲ್ಲಿ ಸಂಜೆಯ ಹೊತ್ತು ನೀರುಳ್ಳಿ ಬಜೆಗೆ ಜನ ಕಾದು ನಿಲ್ಲುತ್ತಾರೆ. ಬಿಟ್ಟವರು ಆರೋಗ್ಯವನ್ನೇನೂ ಕಳೆದುಕೊಂಡಿಲ್ಲ. ಅದರ ನಾರೂ ಸತ್ವವೂ ಬೇರೆ ತರಕಾರಿಗಳಿಂದ ಅವರಿಗೆ ದೊರೆಯುತ್ತವೆ. ತಿಂದವರಿಗೆ ರುಚಿಯೊಡನೆ ಸ್ವಲ್ಪ ಹಿತವೂ ಲಭಿಸಿದೆ. ಯಾರ ಎಲೆಯಲ್ಲಿ ಏನಿರಬೇಕೆಂಬುದನ್ನು ಅವರವರ ಮನೆಗೆ ಬಿಡೋಣ. ಮಗುವಿಗೆ ಜ್ವರವೋ ನೋವೋ ಬಂದ ರಾತ್ರಿ ಮಾತ್ರ ಎಲ್ಲ ಮನೆಗಳಿಗೂ ನಿಯಮವು ಒಂದೇ ಆಗಿರಲಿ: ನೀರುಳ್ಳಿಯು ಒಲೆಯ ಬಳಿ ಇರಲಿ, ಮಗುವು ವೈದ್ಯರ ಬಳಿಗೆ ಹೋಗಲಿ.